ಛತ್ರಕ್ಕೆ ಒಡೆಯನುಂಟೆ?

ಕಾವೇರೀತೀರದ ಒಂದು ಕ್ಷೇತ್ರದಲ್ಲಿ, ದೇವಾಲಯಕ್ಕೂ ಸ್ನಾನಘಟ್ಟಕ್ಕೂ ನಡುವೆ, ಹಳೆಯದಾದ ಒಂದು ಛತ್ರವಿದೆ. ಊರಿನ ಹೆಸರನ್ನೂ ಛತ್ರದ ಹೆಸರನ್ನೂ ಇಲ್ಲಿ ಹೇಳದೆ ಬಿಟ್ಟಿರುವುದಕ್ಕೆ ಕಾರಣವುಂಟು. ಅಲ್ಲಿ ನಡೆದುದು ಅಲ್ಲಿಗಷ್ಟೇ ಸೇರಿದುದಲ್ಲ. ಹೆಸರು ಹೇಳಿದೊಡನೆ ಉಳಿದ ಊರಿನವರೆಲ್ಲರೂ ತಮಗೆ ಸಂಬಂಧವಿಲ್ಲವೆಂದು ಪುಟವನ್ನು ಮಗುಚಿಬಿಡುವರು. ನೂರು ವರ್ಷಗಳಿಗೂ ಹಿಂದೆ ಜವಳಿವ್ಯಾಪಾರದ ಒಬ್ಬ ಶೆಟ್ಟರು ತಮ್ಮ ಸಂಪಾದನೆಯಿಂದ ಅದನ್ನು ಕಟ್ಟಿಸಿ, ಅದರ ವೆಚ್ಚಕ್ಕೆಂದು ಗದ್ದೆಗಳನ್ನು ಬಿಟ್ಟು, ಬಾಗಿಲ ಬಲಗಡೆಯ ಗೋಡೆಯಲ್ಲಿ ಒಂದು ಕಲ್ಲಿನ ಶಾಸನವನ್ನು ಹಾಕಿಸಿ ತೀರಿಕೊಂಡರು. ಬೀದಿಯ ಕಡೆಗೆ ಉದ್ದವಾದ ಜಗಲಿ, ಒಳಗೆ ಕಲ್ಲುಕಂಬಗಳ ಪಡಸಾಲೆ, ನಡುವೆ ತೊಟ್ಟಿ, ಹಿತ್ತಿಲಲ್ಲಿ ಬಾವಿ, ಬಚ್ಚಲಲ್ಲಿ ಇಬ್ಬರು ಸೇರಿದರೂ ಅಲುಗಿಸಲಾಗದ ತಾಮ್ರದ ಹಂಡೆ. ಇಷ್ಟೇ ಆ ಛತ್ರದ ವೈಭವ.

ಅಂಚೆಯ ಇಲಾಖೆಯಲ್ಲಿ ದುಡಿದು ವಿಶ್ರಾಂತಿ ಪಡೆದ ಒಬ್ಬ ಗೃಹಸ್ಥರು ತುಲಾಮಾಸದ ಸ್ನಾನಕ್ಕೆಂದು ಪತ್ನೀಸಮೇತರಾಗಿ ಇಪ್ಪತ್ತು ವರ್ಷಗಳ ಕಾಲ ತಪ್ಪದೆ ಆ ಛತ್ರದಲ್ಲಿಯೇ ಇಳಿಯುತ್ತಿದ್ದರು. ಬಂದವರನ್ನು ಕಂಡೊಡನೆ ಪಾರುಪತ್ತೇದಾರನು "ಬನ್ನಿ ರಾಯರೆ, ಅಮ್ಮನವರೂ ಬಂದರೇ? ನೀರು ಕಾದಿದೆ, ಮೊದಲು ಕೈಕಾಲು ತೊಳೆಯಿರಿ" ಎನ್ನುವನು. ದರ ಕೇಳುವ ಪದ್ಧತಿಯಿರಲಿಲ್ಲ; ಹೊರಡುವಾಗ ಶಕ್ತಿಯಿದ್ದವರು ಹುಂಡಿಗೆ ಹಾಕುವರು, ಇಲ್ಲದವರು ನಮಸ್ಕಾರಮಾಡಿ ಹೋಗುವರು. ಮಧ್ಯೆ ಅನಾರೋಗ್ಯದ ದೆಸೆಯಿಂದ ಆರು ವರ್ಷ ಈ ದಂಪತಿಗಳ ಯಾತ್ರೆ ನಿಂತಿತು. ಕಳೆದ ತುಲಾಮಾಸದಲ್ಲಿ ಮತ್ತೆ ಹೋದರು. ಛತ್ರವು ಅಷ್ಟರಲ್ಲಿ ಕೈಬದಲಾಗಿತ್ತು. ಧರ್ಮದರ್ಶಿಗಳು ಅದನ್ನು ದೀರ್ಘಾವಧಿಯ ಗುತ್ತಿಗೆಗೆ ಒಬ್ಬ ಹೋಟೆಲು ಉದ್ಯಮಿಗೆ ವಹಿಸಿದ್ದರು. ಕಂಬಗಳಿಗೆ ಎಣ್ಣೆ ಹಚ್ಚಿ ಹೊಳಪು ಕೊಟ್ಟಿದ್ದರು. ಹಂಡೆಯು ಬಚ್ಚಲಿನಿಂದ ಎದ್ದು ಬಂದು ತೊಟ್ಟಿಯಲ್ಲಿ ಹೂವು ತೇಲಿಸುವ ಪಾತ್ರೆಯಾಗಿತ್ತು. ಮೇಜಿನ ಹಿಂದೆ ಕುಳಿತಿದ್ದ ಯುವಕನು ವಿನಯದಿಂದಲೇ "ಬುಕಿಂಗ್ ಮಾಡಿದ್ದೀರಾ ಸಾರ್?" ಎಂದು ಕೇಳಿದನು. ಒಂದು ರಾತ್ರಿಯ ಬಾಡಿಗೆಯು ರಾಯರ ನಿವೃತ್ತಿವೇತನದಲ್ಲಿ ಒಂದು ವಾರದ ಮನೆವಾರ್ತೆಗೆ ಸಮನಾಗಿತ್ತು. ಆದರೂ ಹಳೆಯ ಮಮತೆಯಿಂದ ಒಂದು ರಾತ್ರಿ ಉಳಿದರು.

ಇಷ್ಟಕ್ಕೇ ನಿಂತಿದ್ದರೆ ಲೇಖನಿಯನ್ನು ಎತ್ತಬೇಕಾದ ಪ್ರಸಂಗವಿರಲಿಲ್ಲ. ಹಂಡೆ ಹೂದಾನಿಯಾಯಿತೆಂದೂ ಸಾರು ರುಚಿಗೆಟ್ಟಿತೆಂದೂ ಹಲುಬುವುದು ವೃದ್ಧರ ಸ್ವಭಾವ. ಆ ರಾತ್ರಿ ಹತ್ತು ಗಂಟೆಯ ಮೇಲೆ ತುಂತುರು ಮಳೆ ಬರುತ್ತಿದ್ದಾಗ ಹಳ್ಳಿಯ ಕಡೆಯ ಒಬ್ಬ ಮುದುಕಿ, ಅವಳ ಮಗ, ಒಂದು ಮಗು, ಈ ಮೂವರು ಬೆಳಗಿನ ಬಸ್ಸಿಗೆ ಕಾಯುವುದಕ್ಕೆಂದು ಬಂದು ಜಗಲಿಯ ಮೂಲೆಯಲ್ಲಿ ಗಂಟು ಇಳಿಸಿದರು. ಜಗಲಿಗೆ ಹಗ್ಗ ಕಟ್ಟಿ ಕುಂಡಗಳನ್ನು ಇಟ್ಟಿದ್ದುದನ್ನು ಕತ್ತಲೆಯಲ್ಲಿ ಅವರು ಗಮನಿಸಿರಲಾರರು. ಕಾವಲಿನವನು ಬಂದನು. ಗದರಿಸಲಿಲ್ಲ, ಕೆಟ್ಟವನೂ ಅಲ್ಲ. "ಏಳವ್ವಾ, ಇಲ್ಲಿ ಮಲಗಂಗಿಲ್ಲ. ಓನರ್ ಬೈತಾರೆ" ಎಂದನು. ಮುದುಕಿಯು "ಯಾವಾಗಲೂ ಇಲ್ಲೇ ಅಲ್ವೇನಪ್ಪಾ ಮಲಗೋದು" ಎಂದು ಒಂದು ಸಲ ಹೇಳಿ, ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಹೋದಳು. ಒಳಗಿನಿಂದ ಇದನ್ನು ಕಂಡ ರಾಯರ ಪತ್ನಿಗೆ ಆ ರಾತ್ರಿ ನಿದ್ರೆ ಬರಲಿಲ್ಲ.

"ಓನರ್ ಬೈತಾರೆ" ಎಂಬ ಈ ಎರಡು ಮಾತು ಪರಿಶೀಲನೆಗೆ ಅರ್ಹವಾದುವು. ಕಾವಲಿನವನು ಸುಳ್ಳು ಹೇಳಲಿಲ್ಲ. ಊರಿನವರೆಲ್ಲರೂ ನಂಬಿರುವುದನ್ನೇ ಹೇಳಿದನು. ಛತ್ರಕ್ಕೆ ಮೊದಲು ಒಬ್ಬ ಒಡೆಯನಿದ್ದನು, ಅವನ ವಂಶದವರು ಅನಂತರ ಒಡೆಯರಾದರು, ಅವರಿಂದ ಧರ್ಮದರ್ಶಿಗಳಿಗೆ ಬಂದಿತು, ಅವರಿಂದ ಈಗ ಮತ್ತೊಬ್ಬನಿಗೆ ಬಂದಿದೆ, ಒಡೆತನವು ಕೈಬದಲಾಯಿತು ಎಂಬುದು ಸಾಮಾನ್ಯವಾದ ತಿಳಿವಳಿಕೆ. ಈ ತಿಳಿವಳಿಕೆಯ ಮೊದಲನೆಯ ವಾಕ್ಯವೇ ತಪ್ಪು. ಛತ್ರಕ್ಕೆ ಒಡೆಯನಿರಲಿಲ್ಲ. ಇಲ್ಲದಿದ್ದ ಒಡೆತನವು ಕೈಬದಲಾಗುವುದು ಹೇಗೆ?

ಧರ್ಮಶಾಸ್ತ್ರದ ನಿಬಂಧಕಾರರು ದಾನಕ್ಕೂ ಉತ್ಸರ್ಗಕ್ಕೂ ಭೇದವನ್ನು ಹೇಳುತ್ತಾರೆ. ತನ್ನ ಸ್ವತ್ವವನ್ನು ನಿವೃತ್ತಿಗೊಳಿಸಿ ಮತ್ತೊಬ್ಬನ ಸ್ವತ್ವವನ್ನು ಉಂಟುಮಾಡುವುದು ದಾನ. ಹಸುವನ್ನು ಕೊಟ್ಟರೆ ಅದು ಪಡೆದವನದಾಗುತ್ತದೆ. ಅವನು ಮಾರಿದರೂ ಕೇಳುವವರಿಲ್ಲ. ಕೆರೆ, ಬಾವಿ, ತೋಪು, ಪಥಿಕರ ವಸತಿ ಇವುಗಳ ವಿಷಯ ಬೇರೆ. ಇವು ಪೂರ್ತಕರ್ಮಗಳು. ಕೆರೆಯನ್ನು ಕಟ್ಟಿಸಿದವನು ಸಂಕಲ್ಪಪೂರ್ವಕವಾಗಿ ನೀರನ್ನು ಬಿಟ್ಟಾಗ ಅವನ ಸ್ವತ್ವವು ಹೋಗುತ್ತದೆ, ಆದರೆ ಪ್ರತಿಗ್ರಹಮಾಡುವವನು ಯಾವನೂ ಇಲ್ಲ. ವಸ್ತುವು ಸಮಸ್ತರ ಉಪಯೋಗಕ್ಕೆ ತೆರೆದು ನಿಲ್ಲುತ್ತದೆ. ಹಾಗಾದರೆ ಕಟ್ಟಿಸಿದವನು ತನ್ನ ಕೆರೆಯಲ್ಲಿಯೇ ಸ್ನಾನಮಾಡಬಹುದೇ ಎಂಬ ಪ್ರಶ್ನೆಯನ್ನೂ ಆ ಹಿರಿಯರು ಎತ್ತಿಕೊಂಡಿದ್ದಾರೆ. ಮಾಡಬಹುದು, ಸಮಸ್ತರಲ್ಲಿ ಅವನೂ ಒಬ್ಬನಾದುದರಿಂದ, ಎಂಬುದು ಬಹುಜನರ ಸಿದ್ಧಾಂತ. ಕಟ್ಟಿಸಿದವನಿಗೇ ಆ ನೀರಿನಲ್ಲಿ ಇರುವ ಹಕ್ಕು ದಾರಿಹೋಕನ ಹಕ್ಕಿಗಿಂತ ಒಂದು ಬೊಗಸೆಯಷ್ಟೂ ಹೆಚ್ಚಲ್ಲವೆಂದ ಮೇಲೆ, ಅವನ ಮೊಮ್ಮಗನಿಗಾಗಲಿ, ಮೊಮ್ಮಗನು ನೇಮಿಸಿದ ಧರ್ಮದರ್ಶಿಗಾಗಲಿ, ಧರ್ಮದರ್ಶಿಯ ಗುತ್ತಿಗೆದಾರನಿಗಾಗಲಿ ಎಷ್ಟು ಹಕ್ಕು ಉಳಿಯುವುದೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು. ಛತ್ರದ ಜಗಲಿಯಲ್ಲಿ ಅತ್ಯಂತ ನಿಸ್ಸಂದೇಹವಾದ ಹಕ್ಕುಳ್ಳವಳು ಯಾರಾದರೂ ಇದ್ದರೆ ಆ ರಾತ್ರಿ ಎಬ್ಬಿಸಲ್ಪಟ್ಟ ಮುದುಕಿಯೇ.

ಇದು ಬರಿಯ ಪಾಠಶಾಲೆಯ ತರ್ಕ, ವ್ಯವಹಾರದಲ್ಲಿ ನಡೆಯದು ಎಂದು ಕೆಲವರು ನಗಬಹುದು. ಅವರು ತಂಜಾವೂರಿನ ಇತಿಹಾಸವನ್ನು ನೋಡಲಿ. ಬೆಂಗಳೂರನ್ನು ಜಹಗೀರಾಗಿ ಅನುಭವಿಸುತ್ತಿದ್ದ ಏಕೋಜಿಯು ಹದಿನೇಳನೆಯ ಶತಮಾನದಲ್ಲಿ ಅಲ್ಲಿಂದ ದಕ್ಷಿಣಕ್ಕೆ ಹೋಗಿ ಸ್ಥಾಪಿಸಿದ ರಾಜ್ಯವದು. ಅವನ ವಂಶದವರು ರಾಮೇಶ್ವರದ ದಾರಿಯುದ್ದಕ್ಕೂ ಛತ್ರಗಳನ್ನು ಕಟ್ಟಿಸಿದರು. 1799ರಲ್ಲಿ ಎರಡನೆಯ ಸರಫೋಜಿಯು ರಾಜ್ಯದ ಆಡಳಿತವನ್ನು ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಡಬೇಕಾಯಿತು. ರಾಜ್ಯವೇ ಹೋದ ಮೇಲೆ ಅವನು 1801ರಲ್ಲಿ ಕಂಪೆನಿಯ ರೆಸಿಡೆಂಟನಿಗೆ ಬರೆದ ದೀರ್ಘವಾದ ಪತ್ರವು ಈ ಛತ್ರಗಳ ವಿಷಯವಾದುದು. ಬ್ರಾಹ್ಮಣನಿಂದ ಮೊದಲುಗೊಂಡು ಪರೆಯನವರೆಗೆ ಬಂದ ಪ್ರತಿಯೊಬ್ಬ ಯಾತ್ರಿಕನಿಗೂ ಅಲ್ಲಿ ಅನ್ನವುಂಟೆಂಬುದನ್ನೂ, ಕೂಸುಗಳಿಗೆ ಹಾಲು, ರೋಗಿಗಳಿಗೆ ವೈದ್ಯ, ಗರ್ಭಿಣಿಯರಿಗೆ ಆರೈಕೆ, ಅನಾಥರಾದ ಮಕ್ಕಳಿಗೆ ವಿದ್ಯೆ, ದಾರಿಯಲ್ಲಿ ಸತ್ತವನಿಗೆ ಅವನವನ ಕುಲಾಚಾರದಂತೆ ಸಂಸ್ಕಾರ ನಡೆಯುತ್ತಿರುವುದನ್ನೂ ಅವನು ಅದರಲ್ಲಿ ವಿವರಿಸಿದ್ದಾನೆ. ರಾಜ್ಯವನ್ನು ಬಿಟ್ಟುಕೊಟ್ಟವನು ಛತ್ರಗಳನ್ನು ಮಾತ್ರ ಬಿಟ್ಟುಕೊಡಲೊಲ್ಲದೆ ಬೇಡಿಕೊಂಡನು. ರಾಜ್ಯವು ಅವನದಾಗಿತ್ತು, ಕೊಡಬಹುದಾಗಿತ್ತು. ಛತ್ರವು ಅವನದಾಗಿರಲಿಲ್ಲ.

ಕಂಪೆನಿಯ ಸರ್ಕಾರಕ್ಕೂ ಈ ಭೇದವು ತಿಳಿಯದೆ ಹೋಗಲಿಲ್ಲ. ಮದರಾಸು ಆಧಿಪತ್ಯದಲ್ಲಿ, ಎಂದರೆ ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಗೂ ಅನ್ವಯಿಸುವಂತೆ, 1817ರಲ್ಲಿ ಹೊರಟ ಏಳನೆಯ ರೆಗ್ಯುಲೇಷನ್ನು ದೇವಾಲಯ, ಮಸೀದಿ, ಸೇತುವೆಗಳ ಜೊತೆಗೆ ಛತ್ರಗಳನ್ನೂ ಹೆಸರಿಸುತ್ತದೆ. ದಾನಿಗಳು ಬಿಟ್ಟ ಉತ್ಪತ್ತಿಯು ಅವರ ಉದ್ದೇಶಕ್ಕೆ ವಿರುದ್ಧವಾಗಿ, ಅವುಗಳನ್ನು ವಹಿಸಿಕೊಂಡವರ ಸ್ವಂತದ ಉಪಯೋಗಕ್ಕೆ ಹೋಗುತ್ತಿರುವುದೇ ಆ ಕಾನೂನಿಗೆ ಕಾರಣವೆಂದು ಅದರ ಪೀಠಿಕೆಯಲ್ಲಿ ಹೇಳಿದೆ. ಇನ್ನೂರು ವರ್ಷಗಳಿಗೂ ಹಿಂದಿನ ಮಾತು! ಮುಂದೆ 1921ರಲ್ಲಿ ಮಠದ ಆಸ್ತಿಯೊಂದರ ಶಾಶ್ವತ ಗುತ್ತಿಗೆಯ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲಿನವರು, ಯಾವ ಹೆಸರಿನಿಂದ ಕರೆದರೂ ಮಠಾಧಿಪತಿಯು ಆ ಸಂಸ್ಥೆಯ ವ್ಯವಸ್ಥಾಪಕನೇ ಹೊರತು ಆಸ್ತಿಯ ಒಡೆಯನಲ್ಲವೆಂದು ತೀರ್ಮಾನಿಸಿದರು. ಪೀಠದಲ್ಲಿ ಕುಳಿತ ಯತಿಗೇ ಇಲ್ಲದ ಒಡೆತನವು ಛತ್ರದ ಮೇಜಿನ ಹಿಂದೆ ಕುಳಿತವನಿಗೆ ಎಲ್ಲಿಂದ ಬಂದಿತು?

ಗುತ್ತಿಗೆಯನ್ನು ಸಮರ್ಥಿಸುವವರ ಮಾತನ್ನೂ ಕೇಳತಕ್ಕದ್ದು. ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತವನ್ನು ಹೇಳುವುದು ನ್ಯಾಯವಲ್ಲ. ಹಳೆಯ ಛತ್ರದಲ್ಲಿ ತಿಗಣೆಗಳಿದ್ದುವೆನ್ನುತ್ತಾರೆ. ಇದ್ದುವು. ಸೂರು ಸೋರುತ್ತಿತ್ತೆನ್ನುತ್ತಾರೆ. ಸೋರುತ್ತಿತ್ತು, ಹೊಸಬನು ಹೆಂಚು ಹೊದಿಸಿ ಕಟ್ಟಡವನ್ನು ಉಳಿಸಿದ್ದಾನೆ, ಅದಕ್ಕಾಗಿ ಅವನಿಗೆ ಸಲ್ಲಬೇಕಾದ ಕೃತಜ್ಞತೆ ಸಲ್ಲಲಿ. ಆದರೆ ಸೂರು ಸೋರುತ್ತಿದ್ದರೆ ಸೂರನ್ನು ಸರಿಪಡಿಸುವುದು ಕ್ರಮವೇ, ಸೂರಿನ ಕೆಳಗಿದ್ದವರನ್ನು ಹೊರಡಿಸುವುದು ಕ್ರಮವೇ?

ವಿದೇಶಗಳಲ್ಲಿ ಹಳೆಯ ವಸತಿಗೃಹಗಳನ್ನು ಹೀಗೆಯೇ ಕಾಪಾಡಿಕೊಂಡಿದ್ದಾರೆಂದು ಹೇಳುವವರೂ ಉಂಟು. ಲಂಡನ್ನಿನ ಸೌತ್‌ವಾರ್ಕಿನಲ್ಲಿ ಚಾಸರ್ ಕವಿಯು ತನ್ನ ಯಾತ್ರಿಕರನ್ನು ಕಲೆಹಾಕಿದ ಟಬಾರ್ಡ್ ಎಂಬ ವಸತಿಗೃಹವಿತ್ತು. ಅದನ್ನು 1873ರಲ್ಲಿ ಕೆಡವಿಹಾಕಿದರು. ಅದರ ನೆರೆಯಲ್ಲಿದ್ದ, 1676ರ ಬೆಂಕಿಯ ಅನಂತರ ಮತ್ತೆ ಕಟ್ಟಿದ ಜಾರ್ಜ್ ಎಂಬುದರ ಬಹುಭಾಗವನ್ನು ಅಲ್ಲಿಯ ರೈಲ್ವೆ ಕಂಪೆನಿಯವರು ಕೆಡವಿದರಾದರೂ, ಉಳಿದ ಒಂದು ಪಾರ್ಶ್ವವನ್ನು 1937ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಾರ್ವಜನಿಕ ಸಂಸ್ಥೆಗೆ ಒಪ್ಪಿಸಿದರು. ಅದು ಈಗಲೂ ನಿಂತಿದೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಅವು ಹುಟ್ಟಿನಿಂದಲೂ ಹಣಕ್ಕೆ ನಡೆದ ವ್ಯಾಪಾರದ ಮನೆಗಳು, ಧರ್ಮದ ಮನೆಗಳಲ್ಲ. ಮತ್ತು ಜಾರ್ಜಿನಲ್ಲಿ ಆದ ಬದಲಾವಣೆಯು ಕಂಪೆನಿಯ ಕೈಯಿಂದ ಸಾರ್ವಜನಿಕರ ಕೈಗೆ; ಇಲ್ಲಿ ಆಗುತ್ತಿರುವುದು ಸಾರ್ವಜನಿಕರ ಕೈಯಿಂದ ಕಂಪೆನಿಯ ಕೈಗೆ. ದೃಷ್ಟಾಂತವನ್ನು ತಲೆಕೆಳಗಾಗಿ ಹಿಡಿದುಕೊಂಡು ಓದುವವರಿಗೆ ಏನು ಹೇಳಬೇಕು!

ಬಲವಾದ ಆಕ್ಷೇಪಣೆ ಹಣಕಾಸಿನದು. ಛತ್ರಕ್ಕೆ ಬಿಟ್ಟಿದ್ದ ಗದ್ದೆಗಳು ಈಗಿಲ್ಲ. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯಾತಿ ಕಾಯಿದೆ, ಆಮೇಲೆ 1974ರ ಭೂಸುಧಾರಣೆ, ಇವುಗಳಿಂದ ನೆಲವು ಉಳುವವನಿಗೆ ಸೇರಿತು. ಅದು ನ್ಯಾಯವೇ. ಬೆವರು ಸುರಿಸಿದವನ ನೆಲದ ಮೇಲೆ ಕುಳಿತು ಉಂಡ ಅನ್ನವನ್ನು ಧರ್ಮವೆನ್ನುವುದು ಸುಲಭವಲ್ಲ. ಆದರೆ ನೆಲಕ್ಕೆ ಪ್ರತಿಯಾಗಿ ಬಂದ ತಸ್ತೀಕಿನ ಹಣವು ಇದ್ದಲ್ಲಿಯೇ ನಿಂತು, ಅಕ್ಕಿಯ ಬೆಲೆಯು ಮಾತ್ರ ಮುಂದೆ ನಡೆಯಿತು. ಸಾಲಾವಳಿಯ ಅಡುಗೆ ನಿಂತಿತು, ಪಾರುಪತ್ತೇದಾರನ ಸಂಬಳ ಬಾಕಿಬಿದ್ದಿತು. ಧರ್ಮದರ್ಶಿಗಳು ಏನು ಮಾಡಬೇಕಾಗಿತ್ತು ಎಂದು ಕೇಳಿದರೆ ಆ ಪ್ರಶ್ನೆಗೆ ಅರ್ಥವಿದೆ.

ಉತ್ತರವೂ ಇದೆ. ಛತ್ರದಲ್ಲಿ ಯಾರೂ ಹಣ ಕೊಡಕೂಡದೆಂದು ಯಾರೂ ವಾದಿಸುತ್ತಿಲ್ಲ. ಮಹಡಿಯ ಕೋಣೆಗಳನ್ನು ಅನುಕೂಲಸ್ಥರಿಗೆ ಬಾಡಿಗೆಗೆ ಕೊಡಲಿ, ಬೀದಿಯ ಕಡೆ ಎರಡು ಅಂಗಡಿ ಇಡಲಿ, ಮದುವೆಗಳು ನಡೆಯಲಿ. ಆ ಆದಾಯದಿಂದ ಪಡಸಾಲೆ, ಜಗಲಿ, ಬಾವಿ, ಕಾದ ನೀರು, ಸಾಧ್ಯವಾದರೆ ಒಂದು ಹೊತ್ತಿನ ಅನ್ನ, ಇವು ಬಡ ಯಾತ್ರಿಕನಿಗೆ ಉಳಿಯಲಿ. ಇದು ಆಗದ ಮಾತಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರವು 1903ರಲ್ಲಿ ತೆರೆಯಿತು. ದಾನಿಗಳು 1910ರಲ್ಲಿ ಕಾಲವಾದರು. ಅವರ ಹೆಸರಿನ ಧರ್ಮಸಂಸ್ಥೆಯು ವಸತಿಯನ್ನೂ ವಿದ್ಯಾರ್ಥಿನಿಲಯವನ್ನೂ ನಡೆಸಿಕೊಂಡು ಬಂದಿತು. ಒಬ್ಬ ವರ್ತಕನ ಸಂಕಲ್ಪವು ಅವನ ಮರಣಾನಂತರವೂ ಒಂದು ಶತಮಾನವನ್ನು ದಾಟಬಲ್ಲುದು, ನಡೆಸುವವರಿಗೆ ಮನಸ್ಸಿದ್ದರೆ. ನಮ್ಮ ಕ್ಷೇತ್ರದ ಛತ್ರದಲ್ಲಿಯೂ ಗುತ್ತಿಗೆಯ ಹಣ ವರ್ಷವರ್ಷವೂ ಬರುತ್ತಿದೆ. ಅದರಿಂದ ಎಷ್ಟು ಯಾತ್ರಿಕರಿಗೆ ಎಷ್ಟು ಎಲೆ ಹಾಕಲಾಯಿತೆಂಬ ಲೆಕ್ಕವನ್ನು ದೇವಾಲಯದ ಬಾಗಿಲಲ್ಲಿ ಅಂಟಿಸಿದುದನ್ನು ಊರಿನವರು ಕಂಡಿಲ್ಲ. ಲೆಕ್ಕವನ್ನು ಕೇಳಿದವರೂ ಇಲ್ಲ.

ಉಳಿದಿರುವುದು ಅತ್ಯಂತ ಕಹಿಯಾದ ಆಕ್ಷೇಪಣೆ; ಅದನ್ನು ಮುಚ್ಚಿಡುವುದು ಹೇಡಿತನ. ಹಳೆಯ ಛತ್ರಗಳು ಸರ್ವರಿಗೂ ತೆರೆದಿದ್ದುವೇ? ಸರಫೋಜಿಯ ಛತ್ರಗಳ ಮಾತು ಹಾಗಿರಲಿ. ಎಲ್ಲ ಛತ್ರಗಳೂ ಹಾಗಿರಲಿಲ್ಲ. ಪಂಕ್ತಿಭೇದವಿತ್ತು. ಒಂದೇ ವರ್ಗದವರಿಗೆ ಮೀಸಲಾದುವಿದ್ದುವು. ಬಾವಿಯ ಹಗ್ಗವನ್ನು ಮುಟ್ಟಲಾಗದವರು ಬೊಗಸೆಯೊಡ್ಡಿ ನಿಂತಿರುತ್ತಿದ್ದರು. ಸರ್ವಭೂತಗಳಿಗೆಂದು ಸಂಕಲ್ಪವನ್ನು ಹೇಳಿಸಿದ ಪುರೋಹಿತನೇ ಸಾಯಂಕಾಲ ಬಾಗಿಲಲ್ಲಿ ನಿಂತು ಭೂತಗಳನ್ನು ವಿಂಗಡಿಸುತ್ತಿದ್ದನು. ಪಾಠಶಾಲೆಗಳಲ್ಲಿ ಓದಿದವರಿಗೆ ಇದು ತಿಳಿಯದ ವಿಷಯವಲ್ಲ. ಹೇಳಲು ನಾಲಗೆ ತಡೆಯುವ ವಿಷಯ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ಅನುಚ್ಛೇದವು ಬಾವಿ, ಕೆರೆ, ಸ್ನಾನಘಟ್ಟ ಮತ್ತು ಸಾರ್ವಜನಿಕರ ಉಪಯೋಗಕ್ಕೆಂದು ಸಮರ್ಪಿತವಾದ ಸ್ಥಳಗಳಿಂದ ಯಾವ ಪ್ರಜೆಯನ್ನೂ ಜಾತಿಯ ಕಾರಣದಿಂದ ದೂರವಿಡಕೂಡದೆಂದು ವಿಧಿಸಿತು. 1955ರ ಅಸ್ಪೃಶ್ಯತಾ ನಿವಾರಣೆಯ ಕಾಯಿದೆಯು ಧರ್ಮಶಾಲೆಗಳನ್ನೂ ಮುಸಾಫಿರಖಾನೆಗಳನ್ನೂ ಹೆಸರೆತ್ತಿ ಹೇಳಿತು. ಸಂಕಲ್ಪದಲ್ಲಿದ್ದ 'ಸರ್ವ' ಎಂಬ ಪದಕ್ಕೆ ಅಂದು ಅದರ ಪೂರ್ತಿ ಅರ್ಥ ಬಂದಿತೆನ್ನಬೇಕು.

ಹೊಸ ಹೋಟೆಲಿನಲ್ಲಿ ಜಾತಿಯನ್ನು ಕೇಳುವುದಿಲ್ಲವೆಂದು ಸಮರ್ಥಕರು ಹೆಮ್ಮೆಪಡುತ್ತಾರೆ. ದಿಟ, ಕೇಳುವುದಿಲ್ಲ, ಕೇಳಬೇಕಾದ ಅಗತ್ಯವೇ ಬೀಳುವುದಿಲ್ಲ. ಹಿಂದೆ ಬಾವಿಯಿಂದ ದೂರ ನಿಂತಿದ್ದವರ ಮಕ್ಕಳಿಗೆ ಕಾನೂನಿನ ಬಲದಿಂದ ಬಾಗಿಲು ತೆರೆದು ಎರಡು ತಲೆಮಾರು ಕಳೆಯುವುದರೊಳಗೆ, ಅದೇ ಬಾಗಿಲಿಗೆ ಒಂದು ಸಾವಿರಾರು ರೂಪಾಯಿನ ಹಗ್ಗವನ್ನು ಕಟ್ಟಿದರು. ಆ ರಾತ್ರಿ ಎದ್ದು ಹೋದ ಮುದುಕಿಯ ಅಜ್ಜಿಯನ್ನೂ ಒಂದಾನೊಂದು ಕಾಲದಲ್ಲಿ ಯಾವನೋ ಎಬ್ಬಿಸಿ ಕಳುಹಿಸಿರಬಹುದು. ಆಗ ಹೇಳಿದ ಕಾರಣ ಬೇರೆ.

ಈ ಅಪರಾಧವನ್ನು ಹೋಟೆಲಿನವನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ಅವನು ವ್ಯಾಪಾರಿ, ಹಣ ಹೂಡಿದ್ದಾನೆ, ಹಣವನ್ನು ಎತ್ತುತ್ತಾನೆ. ಮಾತು ತಗಲಬೇಕಾದುದು ಬೇರೆಡೆ. ಗುತ್ತಿಗೆಯ ಪ್ರಕಟಣೆಯು ಪತ್ರಿಕೆಯಲ್ಲಿ ಬಂದಾಗ ಅದನ್ನು ಓದಬಲ್ಲವರು ಯಾರು? ವಕೀಲರು, ಉಪಾಧ್ಯಾಯರು, ಅಧಿಕಾರಿಗಳು, ಈ ಮಾಸಪತ್ರಿಕೆಗೆ ಚಂದಾ ಕೊಡುವಂತಹ ಮನೆತನದವರು. ಓದಿದರು, ಮಡಿಸಿಟ್ಟರು. ಕಟ್ಟಡವು ಹೊಳೆಯತೊಡಗಿದ ಮೇಲೆ ಮಗಳ ನಿಶ್ಚಿತಾರ್ಥಕ್ಕೂ ಮೊಮ್ಮಗನ ನಾಮಕರಣಕ್ಕೂ ಅದೇ ಪಡಸಾಲೆಯನ್ನು ಹಿಡಿದರು. ಕಂಬದ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡು ಪೂರ್ವಿಕರ ಶಿಲ್ಪಕೌಶಲ್ಯವನ್ನು ಕೊಂಡಾಡಿದರು. ಪೂರ್ವಿಕರ ಕಂಬ ಬೇಕು, ಪೂರ್ವಿಕರ ಸಂಕಲ್ಪ ಬೇಡ. ಇದಕ್ಕೆ ಪರಂಪರೆಯ ರಕ್ಷಣೆಯೆಂಬ ಹೆಸರು ಬೇರೆ!

ಮಾಡಬೇಕಾದುದು ಕಠಿನವಾದುದೂ ಅಲ್ಲ. ಸಾರ್ವಜನಿಕ ಧರ್ಮಸಂಸ್ಥೆಯ ವ್ಯವಸ್ಥೆಯಲ್ಲಿ ಲೋಪವಾದರೆ, ಅದರಲ್ಲಿ ಸಂಬಂಧವುಳ್ಳ ಇಬ್ಬರು ನ್ಯಾಯಾಲಯದ ಅನುಮತಿಯನ್ನು ಪಡೆದು ದಾವೆ ಹೂಡಬಹುದೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಪ್ರಕರಣವು ಹೇಳುತ್ತದೆ. ಲೆಕ್ಕ ಕೇಳಬಹುದು, ಧರ್ಮದರ್ಶಿಯನ್ನು ಬದಲಾಯಿಸಬಹುದು, ನಡೆಸುವ ಕ್ರಮವನ್ನು ಗೊತ್ತುಮಾಡಿಸಬಹುದು. ದಾನಿಯ ಮೂಲೋದ್ದೇಶವು ನಡೆಯಲಾರದಂತಾದರೆ ಅದನ್ನು ಮಾರ್ಪಡಿಸುವ ಅಧಿಕಾರವನ್ನೂ ಅದೇ ಪ್ರಕರಣವು ಕೊಟ್ಟಿದೆ. ಆದರೆ ಆ ಅಧಿಕಾರ ನ್ಯಾಯಾಲಯದ್ದು, ಮೂರು ಮಂದಿ ಧರ್ಮದರ್ಶಿಗಳು ಒಂದು ಸಂಜೆ ಕಾಫಿ ಕುಡಿಯುತ್ತ ತೀರ್ಮಾನಿಸತಕ್ಕದ್ದಲ್ಲ. ದಾವೆಯವರೆಗೆ ಹೋಗದೆಯೂ ಕೆಲಸವಾಗಬಹುದು. ಗುತ್ತಿಗೆಯು ನವೀಕರಣಕ್ಕೆ ಬಂದಾಗ ಜಗಲಿಯೂ ಪಡಸಾಲೆಯ ಅರ್ಧವೂ ಬಾವಿಯೂ ಗುತ್ತಿಗೆಯಿಂದ ಹೊರಗೆ ಎಂದು ನಿಬಂಧನೆ ಹಾಕಿಸಲು ಊರಿನ ಹತ್ತು ಮಂದಿಯ ಒಂದು ಅರ್ಜಿ ಸಾಕು. ಹೋಟೆಲಿನವನು ಒಪ್ಪಲಾರನೆಂದು ಮೊದಲೇ ಊಹಿಸುವುದೇಕೆ? ಯಾರೂ ಅವನನ್ನು ಕೇಳಿಲ್ಲ.

ಅರ್ಜಿಗೆ ಆಧಾರ ಬೇಕು, ಆಧಾರವು ದಾನಪತ್ರ. ಆ ಕ್ಷೇತ್ರದ ಛತ್ರದ ಮೂಲಪತ್ರವು ಎಲ್ಲಿದೆಯೋ ಧರ್ಮದರ್ಶಿಗಳಿಗೇ ಗೊತ್ತಿಲ್ಲ. ಗೋಡೆಯ ಕಲ್ಲುಶಾಸನವೊಂದು ಉಳಿದಿದೆಯಾದರೂ ಈಗ ಅದರ ಮುಂದೆ ಪಾದರಕ್ಷೆಗಳ ಬೀರು ನಿಂತಿರುವುದರಿಂದ ಮೇಲಿನ ನಾಲ್ಕು ಸಾಲು ಮಾತ್ರ ಕಾಣುತ್ತವೆ. ಛತ್ರವು ಯಾರಿಗಾಗಿ ಎಂಬ ಸಾಲು ಬೀರುವಿನ ಹಿಂದಿದೆ. ಈ ಜಿಲ್ಲೆಯಲ್ಲಿಯೂ ಇಂತಹ ಛತ್ರಗಳು ಹಲವಿವೆ. ಅವುಗಳ ದಾನಪತ್ರಗಳು, ಹಳೆಯ ಲೆಕ್ಕದ ಕಡತಗಳು, ಶಾಸನದ ಪಡಿಯಚ್ಚುಗಳು ಯಾರ ಮನೆಯ ಪೆಟ್ಟಿಗೆಯಲ್ಲಿದ್ದರೂ ಅವರು ನಕಲು ತೆಗೆಸಿ ಸಂಘದ ಪುಸ್ತಕಭಂಡಾರಕ್ಕೆ ಕಳುಹಿಸಿಕೊಡತಕ್ಕದ್ದು. ಮೂಲವನ್ನು ಕೊಡಬೇಕಾಗಿಲ್ಲ. ಓದಲು ಬಾರದ ಮೋಡಿಯಕ್ಷರದ ಕಾಗದಗಳಿದ್ದರೂ ಸರಿಯೇ; ಅವನ್ನು ಓದಬಲ್ಲವರು ಜಿಲ್ಲೆಯಲ್ಲಿ ಇನ್ನೂ ಇಬ್ಬರು ಮೂವರು ಇದ್ದಾರೆ, ಅವರಿಗೂ ವಯಸ್ಸಾಗಿದೆ.